ಶಬನಮಳ ಮೂರು ಪೈಪಿನ ದೋಟಿ

ಸವಣೂರಿನಿಂದ ಅಕ್ಕಿಆಲೂರಿಗೆ ಹೊರಟ ಬಸ್ಸಿನಲ್ಲಿ ಶಬನಮಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಹನ್ನೆರಡು ಅಡಿಯ, ಮಾವಿನಕಾಯಿ ಕೀಳುವ ದೋಟಿ ಅವಳ ಕಾಲ ಬುಡದಲ್ಲಿ ಬೆಕ್ಕಿನಂತೆ ಮುದುರಿ ಮಲಗಿತ್ತು. ಕಂಡಕ್ಟರ್ ಅದನ್ನು ದಾಟಿ ಎರಡು ಸಲ ಓಡಾಡಿದರೂ ತಿರುಗಿ ನೋಡಲಿಲ್ಲ!

ಮಾವಿನ ತೋಟದ ಗುತ್ತೆಪ್ಪನಿಗೆ ಬೇಕಾಗಿದ್ದೂ ಅದೇ. ಅವನ ಗಿಡಗಳು ಎರಡು ಊರಲ್ಲಿ. ಬಿದಿರಿನ ದೋಟಿಯನ್ನು ಯಾವ ಬಸ್ಸೂ ಹತ್ತಿಸಿಕೊಳ್ಳುತ್ತಿರಲಿಲ್ಲ. ಹೋದ ವಾರ ಅವನು ಸವಣೂರಿನ ಹಯಾತಸಾಬರ ವೆಲ್ಡಿಂಗ್ ಅಂಗಡಿಗೆ ಬಂದು, "ಸಾಬ್ರ, ಗಿಡದ ಮುಂದ ಬೆಳೀಬೇಕು, ಬಸ್ಸಿನ್ಯಾಗ ಕುಗ್ಗಬೇಕು. ಅಂಥಾ ದೋಟಿ ಮಾಡಿಕೊಡ್ರಿ" ಅಂದ.

"ಅದಕ್ಕ ಜಾದೂಗಾರನ ಬೇಕೋ ಮಾರಾಯಾ" ಎಂದು ಹಯಾತಸಾಬರು ನಕ್ಕರು.

ತನ್ನ ಎಂಟು ತಿಂಗಳ ಕೂಸು ಮಹೆಕಳನ್ನು ಜೋಳಿಗೆಯಲ್ಲಿ ತೂಗುತ್ತಿದ್ದ ಅವರ ಮಗಳು ಶಬನಮ, "ನಾ ಮಾಡತೇನಿ ಕಾಕಾ" ಅಂದೇಬಿಟ್ಟಳು.

ಮೂರು ವರ್ಷದಿಂದ ಅವಳು ಆ ಅಂಗಡಿಯಲ್ಲಿ ಪೈಪು ಕೊಯ್ಯುತ್ತಿದ್ದಳು, ಅರದಿಂದ ಉಜ್ಜುತ್ತಿದ್ದಳು. ಆದರೆ ಹೊರಹೋಗುವ ಮಾಲಿಗೆ ಕೊನೆಗೆ ಎಣ್ಣೆ ಸವರುವುದು ಅಬ್ಬಾನ ಕೈಯೇ. ಆ ಎಣ್ಣೆ ಬಿದ್ದರೇ ಅದು ಅಂಗಡಿ ಮಾಲು. ಅವಳೊಬ್ಬಳೇ ಮಾಡಿದ ಯಾವುದಕ್ಕೂ ಆ ಎಣ್ಣೆ ಇನ್ನೂ ಬಿದ್ದಿರಲಿಲ್ಲ.

"ಇದು ಕಾಯಿ ಕಿತ್ತರ ಅಂಗಡಿ ಮಾಲು ಅನ್ನಬೇಕ ನೋಡ್ರಿ, ಅಬ್ಬಾ."

"ನೋಡೂನು."

ಆ ಮನೆಯಲ್ಲಿ 'ನೋಡೂನು' ಅಂದರೆ 'ಇಲ್ಲ'ದ ದೊಡ್ಡಪ್ಪ.

ಒಂದರೊಳಗೊಂದು ಜಾರುವ ಮೂರು ಪೈಪುಗಳೇನೋ ಸಿಕ್ಕವು, ಎಳೆದಲ್ಲಿ ನಿಲ್ಲಬೇಕಲ್ಲ? ಹೊರ ಪೈಪಿನ ಬಾಯಿಗೆ ಒಂದು ಸೀಳು ಕೊಯ್ದು, ಸ್ಕ್ರೂ ತಿರುವಿದರೆ ಬಿಗಿಯುವ ಬಳೆಯಂಥ ಕ್ಲಿಪ್ ಹಾಕಿ ಬಿಗಿದಳು. ಬಾಯಿ ಒಂದೇ ಕಡೆ ಸೊಟ್ಟಗಾಗಿ ಒಳ ಪೈಪು ಜಾರಿತು. ಮರುದಿನ ಎಣ್ಣೆಗಾಯಿಗೆ ಬದನೆಕಾಯಿ ಸೀಳುತ್ತಿದ್ದವಳ ಕೈ ತಟ್ಟನೆ ನಿಂತಿತು. ನಾಲ್ಕು ಸೀಳು, ತೊಟ್ಟು ಮಾತ್ರ ಹಾಗೇ. ಒತ್ತಿದರೆ ಸುತ್ತಲಿಂದಲೂ ಮುಚ್ಚಿಕೊಳ್ಳುತ್ತದೆ! ಒಲೆ ಆರಿಸಿ ಅಂಗಡಿಗೆ ಓಡಿದಳು. ಎದುರುಬದುರಾಗಿ ಎರಡು ಬೆರಳುದ್ದದ ನಾಲ್ಕು ಸೀಳು, ಮುಂದಕ್ಕೆ ಬಿರಿಯದಂತೆ ಸೀಳಿನ ಬುಡಕ್ಕೊಂದೊಂದು ತೂತು, ಮೇಲೊಂದು ಕ್ಲಿಪ್. ಎರಡೂ ಜೋಡಣೆ ಬಿಗಿದು ಮೈಭಾರ ಬಿಟ್ಟು ಒತ್ತಿದಳು. ಕದಲಲಿಲ್ಲ! ಮಹೆಕಳನ್ನು ಎತ್ತಿಕೊಂಡು ಅಂಗಡಿ ತುಂಬ ಕುಣಿದಳು.

ಅದೇ ದೋಟಿಯನ್ನು ಈಗ ಗುತ್ತೆಪ್ಪ ಅಕ್ಕಿಆಲೂರಿನ ಗಿಡದ ಕೆಳಗೆ ಎಳೆದು ಉದ್ದ ಮಾಡಿ, ಬಿಗಿದು, ತುದಿಯ ಬಲೆಚೀಲಕ್ಕೆ ಕಾಯಿ ಬೀಳಿಸಿದ. ಒಂದು, ಎರಡು, ಮೂರು... ಸುರ್‍ರ್! ಹನ್ನೆರಡು ಅಡಿ ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕೂವರೆ ಅಡಿಯಾಯಿತು. ಚೀಲ ಗುತ್ತೆಪ್ಪನ ರುಮಾಲಿನ ಮೇಲೆ ಬಂದು ಕೂತಿತು.

"ಯವ್ವಾ ತಂಗಿ, ಇದು ಬೆಳಿಯೂದಕ್ಕಿಂತ ಕುಗ್ಗೂದರಾಗ ಭಾಳ ಶಾಣ್ಯಾ ಐತಿ!"

ಮತ್ತೆ ಬಿಗಿದಳು. ಮತ್ತೆ ಸುರ್‍ರ್. ಜೊತೆಗೆ ಬಂದು ಬದುವಿನ ಮೇಲೆ ಮೊಮ್ಮಗಳೊಂದಿಗೆ ಕೂತಿದ್ದ ಹಯಾತಸಾಬರು ಆಕಾಶ ನೋಡತೊಡಗಿದರು. ಶಬನಮ ಕ್ಲಿಪ್ ಸಡಿಲಿಸಿದಳು. ನಿನ್ನೆ ಹಿಡಿದದ್ದು ಇವತ್ತು ಯಾಕೆ ಜಾರುತ್ತಿದೆ? ಒಳ ಪೈಪನ್ನು ಹೊರಗೆಳೆದು ಸವರಿದಳು. ಬೆರಳು ಮಿರಮಿರ ಮಿಂಚಿತು. ಎಣ್ಣೆ! ತಾನಂತೂ ಎಣ್ಣೆ ಮುಟ್ಟಿರಲಿಲ್ಲ.

ಮಹೆಕಳ ಒಗೆದ ಲಂಗೋಟಿಯೊಂದನ್ನು ಚೀಲದಿಂದ ತೆಗೆದು, ಗುತ್ತೆಪ್ಪನ ಚಹಾದ ಒಲೆಯ ಬೂದಿ ಹಚ್ಚಿ, ಪೈಪುಗಳನ್ನು ಒಳಗೂ ಹೊರಗೂ ತಿಕ್ಕಿ ಒರೆಸಿದಳು. ಬಿಗಿದಳು. ಗುತ್ತೆಪ್ಪ ಈ ಸಲ ರುಮಾಲು ತೆಗೆದಿಟ್ಟೇ ದೋಟಿ ಎತ್ತಿದ. ನಾಲ್ಕು ಕಾಯಿ, ಐದು, ಆರು... ದೋಟಿ ಗಟ್ಟಿ ನಿಂತಿತು.

"ಎಣ್ಣಿ ಯಾರ ಹಚ್ಚಿದ್ರು?" ಶಬನಮ ಅಬ್ಬಾನತ್ತ ತಿರುಗಿದಳು.

"ನಾನ... ಮುಂಜಾನೆ," ಹಯಾತಸಾಬರು ಗಡ್ಡ ಕೆರೆದುಕೊಂಡರು. "ಹೊರಗ ಹೋಗೋ ಮಾಲು ತುಕ್ಕು ಹಿಡೀಬಾರದಲ್ಲ, ಬೇಟಾ. ಮೂವತ್ತ ವರ್ಷದ ರೂಢಿ, ಕೈ ಕೇಳಲಿಲ್ಲ."

ಮುಂಜಾನೆ. ಅಂದರೆ ಒಂದು ಕಾಯಿಯೂ ಉದುರುವ ಮೊದಲೇ ಅಬ್ಬಾನ ಎಣ್ಣೆ ಬಿದ್ದಿತ್ತು. ಶಬನಮಳಿಗೆ ಖುಷಿಯಲ್ಲಿ ಮಾವಿನ ಗಿಡಗಳೆಲ್ಲ ಗಿರಗಿರ ತಿರುಗಿದಂತಾಯಿತು.

"ಅಂದ್ರ ಇದು ಅಂಗಡಿ ಮಾಲ ಆತಲ್ಲ, ಅಬ್ಬಾ?"

"ನೋಡೂನು," ಅಂದರು ಹಯಾತಸಾಬರು, ನಗು ಕಾಣದಂತೆ ಒಂದು ಹುಳಿ ಮಾವಿನಕಾಯಿ ಕಚ್ಚಿ.