ಲಿಂಗ ಮುಟ್ಟಿಸಿ ಮಾಡಿಸಿದ ಆಣೆ

ಐವತ್ತರ ದಶಕದಲ್ಲಿ ನನ್ನ ತಮ್ಮ ಎಂಜಿನಿಯರಿಂಗ್ ಓದಲು ಇಂಗ್ಲೆಂಡಿಗೆ ಹೊರಟಾಗ ಜತ್ತದ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಹಾರ ಹಾಕಿದರು. ಅಂದು ಬೆಳಿಗ್ಗೆ ನಮ್ಮೂರು ಯಳವಿಯ ಮನೆಯಲ್ಲಿ, ಅವ್ವ ಹೊರಗಿದ್ದಾಗ, ನಾನು ಅವನ ಕೊರಳ ಲಿಂಗ ಮುಟ್ಟಿಸಿ ಆಣೆ ಮಾಡಿಸಿದ್ದೆ: ಮಾಂಸ, ಮೀನು, ತತ್ತಿ ಬಾಯಿಗೆ ಹಾಕಬಾರದು.

ಧರ್ಮದ ಚಿಂತೆಯಿಂದಲ್ಲ. ನನಗೆ ಹೆಣ್ಣು ಗೊತ್ತುಮಾಡಿದ್ದರು. ತಮ್ಮ ಪರದೇಶದಲ್ಲಿ ಕುಲಗೆಟ್ಟರೆ ಹೆಣ್ಣು ಕೊಡುವುದಿಲ್ಲವೆಂದು ಬೀಗರಾಗುವವರು ನಗುತ್ತಲೇ ಹೇಳಿದ್ದರು.

ಅವ್ವ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಪಾರ್ಸಲ್ ಮಾಡಿಸುತ್ತಿದ್ದಳು. ಮುಟ್ಟಿತು ಎಂದಷ್ಟೇ ಅವನು ಬರೆಯುತ್ತಿದ್ದ.

ಎರಡನೆಯ ವರ್ಷ, ಅಲ್ಲೇ ಓದುತ್ತಿದ್ದ ಜತ್ತದ ಅರಿವೆ ವ್ಯಾಪಾರಿಯ ಮಗ ರಜೆಗೆ ಬಂದವನು ನಮ್ಮ ಮನೆಗೂ ಬಂದ.

"ಏನಪಾ, ನಮ್ಮ ಸಾಹೇಬ ದಪ್ಪ ಆಗ್ಯಾನೇನ?" ಎಂದೆ.

"ಓವರ್‌ಕೋಟಿನ್ಯಾಗ ಅಂವನ್ನ ಹುಡುಕಬೇಕ್ರಿ ಅಣ್ಣಾರ!" ಎಂದ. ಇಬ್ಬರೂ ನಕ್ಕೆವು. ಅವನು ಮೊದಲು ನಿಲ್ಲಿಸಿದ.

ತಮ್ಮನ ಕೋಣೆಯ ಬಾಡಿಗೆಯಲ್ಲೇ ಊಟವೂ ಸೇರಿತ್ತಂತೆ, ಎರಡು ಹೊತ್ತೂ ಮಾಂಸದ್ದು. ಅವನು ಪೂರ್ತಿ ದುಡ್ಡು ಕೊಟ್ಟು ಬ್ರೆಡ್ಡು, ಬಟಾಟಿ ಮಾತ್ರ ತಿನ್ನುತ್ತಿದ್ದ. ಬೇರೆ ಹಾಲು ಕೊಳ್ಳಲು ಸ್ಕಾಲರ್‌ಶಿಪ್ ಸಾಲುತ್ತಿರಲಿಲ್ಲ. ಅವ್ವನ ರೊಟ್ಟಿ ಹಡಗಿನಲ್ಲೇ ಬೂಷ್ಟು ಹಿಡಿಯುತ್ತಿತ್ತು. ತಾಟಿನಲ್ಲಿ ಬಿಟ್ಟ ಮಾಂಸ ಕಂಡು ಜೊತೆಯವರು ಚೇಷ್ಟೆ ಮಾಡುತ್ತಾರೆಂದು ಒಬ್ಬನೇ ಕೋಣೆ ಸೇರುತ್ತಿದ್ದ. ಚಳಿಗಾಲ ಮುಗಿದರೂ ಕೆಮ್ಮು ಬಿಟ್ಟಿರಲಿಲ್ಲ.

"ಡಾಕ್ಟರ್ ತತ್ತಿ ತಿನ್ನು ಅಂದಾರ್ರಿ. ಅಂವ ಒಲ್ಲೆ ಅಂತಾನ. ಆಣಿ ಮಾಡಿಸಿದವ್ರು ಅಣ್ಣಾರು, ಅವ್ರ ಬಿಡಸಬೇಕು ಅಂತಾನ. ಬರೂ ವಾರ ಹೊಂಟೀನಿ, ಒಂದ್ ಮಾತು ಹೇಳಿ ಕಳಸ್ರಿ."

ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ನಾನು ದನಿ ತಗ್ಗಿಸಿದೆ. "ಮುಂದಿನ ತಿಂಗಳ ಲಗ್ನ ಐತಿ. ಅದೊಂದು ಆಗ್ಲಿ. ಊರಾಗ ಮಾತು ಹಬ್ಬಿದ್ರ ಕೆಲಸ ಕೆಡತೈತಿ."

"ನಾ ಯಾರಿಗೆ ಹೇಳ್ತೀನ್ರಿ?"

"ಲಗ್ನ ಆಗ್ಲಿ ಅಂದೆನಲ್ಲ."

ಅವನು ಚಹಾ ಮುಟ್ಟದೆ ಎದ್ದುಹೋದ.

ನನ್ನ ಮದುವೆ ಮುಗಿದ ಮೇಲೆ ತಮ್ಮನಿಗೆ, ತತ್ತಿ ತಿನ್ನು ಎಂದು ಬರೆದೆ. ಕಾಗದ ಮುಟ್ಟುವ ಮೊದಲೇ, ಕೆಮ್ಮು ವಿಪರೀತವಾಯಿತೆಂದು, ಅಲ್ಲಿಯವರು ಅವನನ್ನು ಊರಿಗೆ ಹೋಗುವ ಹಡಗು ಹತ್ತಿಸಿದ್ದರು. ಮಿರಜದ ಆಸ್ಪತ್ರೆಯಲ್ಲಿ ನರ್ಸ್ ಚಮಚೆಯಲ್ಲಿ ತತ್ತಿ ಹಿಡಿದು ನಿಂತಾಗ ಅವನು ಅವಳನ್ನಾಗಲಿ ಅವ್ವನನ್ನಾಗಲಿ ನೋಡಲಿಲ್ಲ. ನನ್ನನ್ನು ನೋಡಿದ.

"ತಿನ್ನೋ ತಮ್ಮಾ," ಎಂದೆ.

ಬಾಯಿ ತೆರೆದ. ನುಂಗಲಾಗಲಿಲ್ಲ.

ಅವನನ್ನು ಮಣ್ಣು ಮಾಡಿ ಬಂದ ದಿನ ಅವ್ವ ಕೇಳಿದಳು, "ಅಂವ ನಿನ್ನ ಮಾರಿ ಯಾಕ ನೋಡಿದ?"

"ನನಗೇನ್ ಗೊತ್ತವ್ವಾ," ಎಂದೆ. ಆಮೇಲೂ ಎಷ್ಟೋ ಸಲ ಕೇಳಿದಳು. ಪ್ರತಿ ಸಲವೂ ಅದನ್ನೇ ಹೇಳಿದೆ.