ಬರುತ್ತೆ ಮೇಷ್ಟ್ರು

ಆ ಬೀದಿಯವರೆಲ್ಲ ಅವರನ್ನು ‘ಬರುತ್ತೆ ಮೇಷ್ಟ್ರು’ ಎಂದೇ ಕರೆಯುತ್ತಿದ್ದರು. ಕಾರು ಓಡಿಸುವುದನ್ನು ಕಲಿಸುವುದು ಅವರ ಕಸುಬು. ಕಲಿಯುವವರು ಗೇರನ್ನು ಕಿರುಗುಟ್ಟಿಸಲಿ, ನಡುರಸ್ತೆಯಲ್ಲಿ ಗಾಡಿ ಆಫ್ ಮಾಡಿಕೊಂಡು ಹಿಂದಿನವರಿಂದ ಬೈಸಿಕೊಳ್ಳಲಿ, ತಿರುವಿನಲ್ಲಿ ಸ್ಟೇರಿಂಗಿನ ಕುತ್ತಿಗೆ ಹಿಸುಕುವವರ ಹಾಗೆ ಬಿಗಿಹಿಡಿದು ಕೂತುಬಿಡಲಿ, ಮೇಷ್ಟ್ರ ಬಾಯಿಂದ ಹೊರಡುತ್ತಿದ್ದದ್ದು ಅದೊಂದೇ ಮಾತು: “ಬರುತ್ತೆ, ಬರುತ್ತೆ. ಇನ್ನೊಂದ್ ಸಲ.”

ಅದು ವ್ಯಾಪಾರಕ್ಕೆ ಆಡುವ ಮಾತಾಗಿರಲಿಲ್ಲ. ಅವರು ಅದನ್ನು ನಿಜವಾಗಿಯೂ ನಂಬಿದ್ದರು. ಚಿಕ್ಕ ವಯಸ್ಸಿನಲ್ಲಿ ಅವರಿಗೆ ಲಾರಿ ಓಡಿಸಲು ಕಲಿಸಿದವರು ಸೋದರಮಾವ. ಒಂದೊಂದು ತಪ್ಪಿಗೂ ಮಾವನ ಕೈಯಲ್ಲಿದ್ದ ಸ್ಪ್ಯಾನರು ಇವರ ಬೆರಳ ಗೆಣ್ಣಿನ ಮೇಲೆ ಬೀಳುತ್ತಿತ್ತು. ನೋವಿಗಿಂತ ಹೆಚ್ಚಾಗಿ ಅವರಿಗೆ ನೆನಪಿದ್ದದ್ದು ಹೆದರಿಕೆ. ಮಾವ ಪಕ್ಕದಲ್ಲಿ ಕೂತರೆ ಗೊತ್ತಿದ್ದದ್ದೂ ಮರೆತುಹೋಗುತ್ತಿತ್ತು. ತಮ್ಮದೇ ಡ್ರೈವಿಂಗ್ ಸ್ಕೂಲು ಶುರು ಮಾಡಿದ ದಿನ ಹೆಂಡತಿಗೆ ಹೇಳಿದ್ದರಂತೆ, ನನ್ನ ಗಾಡಿಯೊಳಗೆ ಯಾರೂ ಯಾರ ಮೇಲೂ ದನಿ ಏರಿಸಬಾರದು, ಯಾರಿಗೂ ‘ನಿನ್ನ ಕೈಲಾಗಲ್ಲ’ ಅನ್ನಬಾರದು ಅಂತ. ಕಲಿಸದೆ ಲೈಸೆನ್ಸ್ ಕೊಡಿಸುವ ಅಡ್ಡದಾರಿಯನ್ನೂ ಅವರು ಮುಟ್ಟಲಿಲ್ಲ. ಎದುರು ಸಾಲಿನ ದೊಡ್ಡ ಸ್ಕೂಲಿನವನು ಅದರಲ್ಲೇ ಕಟ್ಟಡ ಎಬ್ಬಿಸಿದ. ಇವರದು ಟೈರು ಅಂಗಡಿಯ ಪಕ್ಕ, ಮೆಟ್ಟಿಲ ಕೆಳಗಿನ ಒಂದು ಕೋಣೆಯಲ್ಲೇ ಉಳಿಯಿತು. ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ಬಿಸಿಲಿಗೆ ಕೆಂಪು ಬಣ್ಣ ಹಾರಿ ಗುಲಾಬಿಯಾಗಿದ್ದ ರಸ್ತೆ ಚಿಹ್ನೆಗಳ ಪಟ. ಫೋನು ಎತ್ತುವುದು, ಯಾರಿಗೆ ಯಾವ ಹೊತ್ತು ಅಂತ ಗೊತ್ತು ಮಾಡುವುದು ಹೆಂಡತಿಯ ಕೆಲಸ. ಹೊರಗೆ ನಿಲ್ಲುತ್ತಿದ್ದ ಬಿಳಿ ಕಾರು ಹಳೆಯದು. ಎಲ್ಲ ಸ್ಕೂಲಿನ ಕಾರುಗಳ ಹಾಗೆ ಅದರಲ್ಲೂ ಮೇಷ್ಟ್ರು ಕೂರುವ ಕಡೆ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಇದ್ದವು.

ಬೇರೆಯವರು ಕೈಬಿಟ್ಟ ಕೇಸುಗಳೆಲ್ಲ ಇವರ ಹತ್ತಿರವೇ ಬರುತ್ತಿದ್ದವು. ಕಿವಿ ಮಂದವಾದ ಮುದುಕ, ಒಮ್ಮೆ ಅಪಘಾತವಾಗಿ ಗಾಡಿ ಕಂಡರೇ ಬೆವರುವ ಮದುಮಗಳು, ಎಡ ಬಲ ಗೊತ್ತಾಗದ ಹಾಡುಗಾರ. ಎಲ್ಲರೂ ನಗುನಗುತ್ತಾ ಲೈಸೆನ್ಸ್ ಹಿಡಿದುಕೊಂಡು ಹೋದರು. ಒಬ್ಬರು ಇನ್ನೊಬ್ಬರಿಗೆ ಹೇಳಿ, ಸ್ಕೂಲು ಬದುಕಿಕೊಂಡಿತ್ತು.

ಹಾಗೆಯೇ ಬಂದವರು ಲೈಬ್ರರಿ ಮೇಡಂ. ಊರಿನ ಲೈಬ್ರರಿಯಲ್ಲಿ ಕೆಲಸ. ಮಾತೂ ಲೈಬ್ರರಿಯಲ್ಲಿ ಆಡುವಷ್ಟೇ ಮೆತ್ತಗೆ. ಎರಡು ಸ್ಕೂಲಿನವರು ಆಕೆಗೆ ಕೈಮುಗಿದು ಕಳಿಸಿದ್ದರು. ಗಂಡನಿಗೆ ದೂರದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅತ್ತೆಗೆ ಕಿಡ್ನಿ ಕೈಕೊಟ್ಟು ವಾರವಾರವೂ ಆಸ್ಪತ್ರೆಗೆ ಓಡಬೇಕಿತ್ತು. ಬಾಡಿಗೆ ಗಾಡಿಯವರು ಸಮಯಕ್ಕೆ ಸಿಗುತ್ತಿರಲಿಲ್ಲ. ಮನೆಯಲ್ಲಿ ಕಾರಿತ್ತು, ಓಡಿಸುವವರು ಇರಲಿಲ್ಲ.

ಮೊದಲ ವಾರದ ಪಾಠ ನೋಡಿಯೇ ಮೇಷ್ಟ್ರ ಹೆಂಡತಿ ಹೇಳಿದ್ದರು: “ರೀ, ಆಯಮ್ಮನಿಗೆ ಕೈಕಾಲಲ್ಲ, ಜೀವವೇ ನಡುಗುತ್ತೆ. ಬೇಡ ಅನ್ನೋದೂ ಒಂದು ಉಪಕಾರವೇ ಅಲ್ವಾ?”

ಮೇಷ್ಟ್ರು ನಕ್ಕರು. ನಡುಕ ಇದ್ದವರೇ ಹುಷಾರಾಗಿ ಓಡಿಸೋದು, ಧೈರ್ಯ ಜಾಸ್ತಿ ಆದವರ ಹತ್ತಿರ ಗಾಡಿ ಕೊಡೋಕೆ ನನಗೆ ಭಯ ಅಂದರು. ಅದೂ ಅವರು ನಂಬಿದ್ದ ಮಾತೇ.

ಎಷ್ಟೋ ಪಾಠಗಳಿಗೆ ಅತ್ತೆಯೂ ಜೊತೆಗೆ ಬರುತ್ತಿದ್ದರು. ಬಡಕಲು ಹೆಂಗಸು, ಆದರೆ ಬಾಯಿ ಮಾತ್ರ ಚುರುಕು. ಹಿಂದಿನ ಸೀಟಿನಲ್ಲಿ ಕೂತು, “ಮೇಷ್ಟ್ರೇ, ನನ್ನನ್ನ ಮೂಟೆ ಅಂದ್ಕೊಳ್ಳಿ. ಮೂಟೆ ಉರುಳಿದ್ರೆ ಇವಳು ಫೇಲು” ಎನ್ನುತ್ತಿದ್ದರು. ಸೊಸೆ ಒಂದು ತಿರುವು ಸರಿಯಾಗಿ ತೆಗೆದುಕೊಂಡರೆ ಹಿಂದಿನಿಂದಲೇ ಅವಳ ಭುಜ ತಟ್ಟುತ್ತಿದ್ದರು. ಅತ್ತೆ ಸೊಸೆ ಹೀಗಿರುವುದನ್ನು ಮೇಷ್ಟ್ರು ಕಂಡಿರಲಿಲ್ಲ. ಮನೆಗೆ ಹೋಗಿ ಹೆಂಡತಿಯ ಹತ್ತಿರ, ಮಗಳ ಹತ್ತಿರ ಅದನ್ನೇ ಹೇಳುತ್ತಿದ್ದರು. ಆಗ ಹೈಸ್ಕೂಲಿನಲ್ಲಿದ್ದ ಮಗಳು, ಅಪ್ಪನಿಗೆ ಊರವರ ಅತ್ತೆಯಂದಿರ ಮೇಲೆಲ್ಲ ಪ್ರೀತಿ ಎಂದು ಕಾಲೆಳೆಯುತ್ತಿದ್ದಳು.

ಮಾಮೂಲಿ ಕೋರ್ಸಿಗಿಂತ ಎರಡರಷ್ಟು ಕಾಲ ಹಿಡಿಯಿತು. ಮೊದಲ ಸಲ ಪರೀಕ್ಷೆಯಲ್ಲಿ ಗಾಡಿ ಆಫಾಯಿತು. ಎರಡನೇ ಸಲ ಪಾಸಾಯಿತು. ಪರೀಕ್ಷೆ ನಡೆಯುತ್ತಿದ್ದದ್ದು ಊರಾಚೆಯ ಮೈದಾನದಲ್ಲಿ. ಸುಣ್ಣದ ಗೆರೆಗಳ ನಡುವೆ ನಿಧಾನಕ್ಕೆ ಹೋಗಬೇಕು, ತಿರುಗಬೇಕು, ಹಿಂದಕ್ಕೆ ಬಂದು ನಿಲ್ಲಿಸಬೇಕು. ಮೇಷ್ಟ್ರು ತಂತಿ ಬೇಲಿಯಾಚೆ ನಿಂತು ನೋಡಿದರು. ಆಕೆ ಗೆರೆ ಮುಟ್ಟದೆ ಬಂದು ಇಳಿದಾಗ ಅವರಿಗೆ ಸ್ವಂತ ಮಗಳು ಗೆದ್ದಷ್ಟು ಖುಷಿಯಾಯಿತು. ಅತ್ತೆ ಆ ದಿನ ಮೇಷ್ಟ್ರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು.

ಕೆಲವು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ, ಆಸ್ಪತ್ರೆಗೆ ಹೊರಟಾಗ, ಮೇಡಂ ಕಾರನ್ನು ಗೇಟಿನಿಂದ ರಸ್ತೆಗೆ ಹಿಂದಕ್ಕೆ ತೆಗೆಯುತ್ತಿದ್ದರು. ಗೇಟು ಮುಚ್ಚಲು ಅತ್ತೆ ಹಿಂದೆ ನಿಂತಿದ್ದರು. ರಸ್ತೆಯಲ್ಲಿ ಬರುತ್ತಿದ್ದ ಬೈಕಿನವನು ಜೋರಾಗಿ ಹಾರನ್ ಹೊಡೆದ. ಆಕೆ ಬೆಚ್ಚಿಬಿದ್ದು ಬ್ರೇಕು ಒತ್ತಲು ಹೋಗಿ ಎಕ್ಸಿಲರೇಟರ್ ಒತ್ತಿದರು. ಅತ್ತೆಯನ್ನು ಕಾರು ಗೇಟಿನ ಕಂಬಕ್ಕೆ ಅಪ್ಪಳಿಸಿ ನಿಂತಿತು. ಆಸ್ಪತ್ರೆ ತಲುಪುವ ಹೊತ್ತಿಗೆ ಉಸಿರಿರಲಿಲ್ಲ.

ಸುದ್ದಿ ತಂದವನು ಪಕ್ಕದ ಟೈರು ಅಂಗಡಿಯವನು. ಮೇಷ್ಟ್ರು ಕೇಳಿ ಮೇಜಿನ ಅಂಚು ಹಿಡಿದುಕೊಂಡರು. ಪೊಲೀಸರು ಬಂದು ಎರಡು ಮಾತು ಕೇಳಿಕೊಂಡು ಹೋದರು. ಚೆನ್ನಾಗಿ ಕಲಿತಿದ್ದರು, ನಿಯಮದ ಪ್ರಕಾರವೇ ಪಾಸಾಗಿದ್ದರು ಎಂದು ಇವರು ಹೇಳಿದರು. ಸುಳ್ಳೇನೂ ಅಲ್ಲ. ಯಾರೂ ಅವರ ಕಡೆ ಬೆರಳು ತೋರಿಸಲಿಲ್ಲ. ಆಕಸ್ಮಿಕ ಅಂದರು ಎಲ್ಲರೂ. ಮೇಷ್ಟ್ರೂ ಅದನ್ನೇ ಅಂದುಕೊಂಡು, ಊಟ ಸೇರದಿದ್ದರೂ, ಮತ್ತೆ ಪಾಠಕ್ಕೆ ಹೊರಟರು.

ಆಗ ಕಲಿಯುತ್ತಿದ್ದವನು ಒಬ್ಬ ಔಷಧಿ ಅಂಗಡಿಯವನು. ಮಾರ್ಕೆಟ್ಟಿನ ರಸ್ತೆಯಲ್ಲಿ ಹೋಗುತ್ತಿದ್ದಾಗ ತರಕಾರಿ ಗಾಡಿಯೊಂದು ಸರಕ್ಕನೆ ಅಡ್ಡ ಬಂತು. ಕಾರು ಗಕ್ಕನೆ ನಿಂತಿತು. ಔಷಧಿ ಅಂಗಡಿಯವನು ಹಿಗ್ಗಿ ಹೀರೇಕಾಯಾದ. “ಹೇಗಿತ್ತು ಸರ್ ನನ್ನ ಬ್ರೇಕು?” ಎಂದು ತಿರುಗಿದ.

ಮೇಷ್ಟ್ರು ‘ಬಂತು ನೋಡಿ’ ಅನ್ನಲು ಬಾಯಿ ತೆರೆದವರು ಕೆಳಗೆ ನೋಡಿದರು. ತಮ್ಮ ಬಲಗಾಲು ಎರಡನೇ ಬ್ರೇಕನ್ನು ನೆಲಕ್ಕೆ ಒತ್ತಿ ಹಿಡಿದಿತ್ತು. ಕಾಲು ಯಾವಾಗ ಹೋಯಿತು, ಯಾವಾಗ ಒತ್ತಿತು, ಅವರಿಗೆ ತಿಳಿಯಲೇ ಇಲ್ಲ. ಕಣ್ಣು ರೆಪ್ಪೆ ಬಡಿದ ಹಾಗೆ ಅದರ ಪಾಡಿಗೆ ಅದು ಕೆಲಸ ಮಾಡಿತ್ತು. ಔಷಧಿ ಅಂಗಡಿಯವನ ಕಾಲು ಎಲ್ಲಿತ್ತೋ ದೇವರಿಗೇ ಗೊತ್ತು.

ಮೇಷ್ಟ್ರು ಮರುದಿನ ಪಾಠಕ್ಕೆ ಕೂತಾಗ ಬಲಗಾಲನ್ನು ಸೀಟಿನ ಕೆಳಗೆ ಮಡಚಿ ಇಟ್ಟುಕೊಂಡರು. ಬೀದಿ ದಾಟುವಷ್ಟರಲ್ಲಿ ಅಂಗಿ ಒದ್ದೆ. ಮುಂದೆ ಒಂದು ನಾಯಿ ಕಾಣಿಸಿದ್ದೇ ತಡ ಕಾಲು ತಾನಾಗಿಯೇ ಹೊರಗೆ ಬಂದು ಬ್ರೇಕಿನ ಮೇಲೆ ಕೂತಿತ್ತು. ಕಿವಿ ಮಂದದ ಮುದುಕ, ಮದುಮಗಳು, ಹಾಡುಗಾರ, ಎಲ್ಲರ ಜೊತೆಗೂ ಹೀಗೇ ಆಗಿತ್ತೇ? ತಾನು ಅವರನ್ನು ನಂಬಿದ್ದೆ ಅಂದುಕೊಂಡದ್ದು ನಿಜವೇ, ಅಥವಾ ನಂಬಿದ್ದು ಬಾಯಿ ಒಂದೇ, ಕಾಲು ಯಾವತ್ತೂ ಯಾರನ್ನೂ ನಂಬಿರಲೇ ಇಲ್ಲವೇ? ಲೈಬ್ರರಿ ಮೇಡಂ ಕಾರು ನಿಲ್ಲಿಸಿದ ಒಂದೊಂದು ಸಲವನ್ನೂ ನೆನಪು ಮಾಡಿಕೊಳ್ಳಲು ಹೋದರು. ಹಸುವಿನ ಎದುರು, ಶಾಲೆಯ ಮುಂದೆ, ಸೇತುವೆ ಇಳಿಯುವಾಗ. ಪ್ರತಿಯೊಂದರಲ್ಲೂ ಕಾರು ನಿಂತದ್ದು ನೆನಪಿತ್ತು, ಯಾರು ನಿಲ್ಲಿಸಿದ್ದು ಎಂಬುದು ಇರಲಿಲ್ಲ. ಪರೀಕ್ಷೆಯ ಮೈದಾನದಲ್ಲಂತೂ ಆಕೆಗೆ ಅಡ್ಡ ಬರುವವರೇ ಯಾರೂ ಇರಲಿಲ್ಲ.

ಹೆಂಡತಿಗೆ ಹೇಳಿದರು. ಆಕೆ, ಇದನ್ನ ಇನ್ಯಾರ ಹತ್ತಿರವೂ ಬಾಯಿ ಬಿಡಬೇಡಿ ಅಂದರು.

ಅದಾದ ಮೇಲೆ ಬಂದರು ಲೈಬ್ರರಿ ಮೇಡಂ. ಅರ್ಧಕ್ಕರ್ಧ ಇಳಿದುಹೋಗಿದ್ದರು. ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಕೂತು, ನೀರು ಕೊಟ್ಟರೆ ಕುಡಿಯಲಿಲ್ಲ. ಮನೆಯಲ್ಲಿ ಗಂಡ, ನಾದಿನಿ ಯಾರೂ ಒಂದು ಮಾತು ಬೈದಿಲ್ಲವಂತೆ. ಹಣೆಬರಹ ಅಂತಾರಂತೆ. ಅದನ್ನು ಕೇಳಿ ಕೇಳಿ ತನಗೆ ಹುಚ್ಚು ಹಿಡಿಯುವ ಹಾಗಾಗಿದೆ ಎಂದರು. ಆಮೇಲೆ ತಲೆ ಎತ್ತಿ ಕೇಳಿದರು.

“ಸರ್, ಒಂದೇ ಒಂದು ಕೇಳ್ತೀನಿ. ಪಾಠದಲ್ಲಿ ಯಾರಾದ್ರೂ ಅಡ್ಡ ಬಂದಾಗ, ಬ್ರೇಕು ನಾನು ಹಾಕ್ತಿದ್ನಾ?”

ಮೇಷ್ಟ್ರ ಹೆಂಡತಿ ಫೋನು ಹಿಡಿದುಕೊಂಡೇ ಗಂಡನ ಮುಖ ನೋಡಿದರು. ಹೌದು ಅನ್ನಬಹುದಿತ್ತು. ಎರಡೇ ಅಕ್ಷರದಷ್ಟು ಕೆಲಸ. ಆದರೆ ಕಲಿಯಲು ಬಂದವರಿಗೆ ಸುಳ್ಳು ಹೇಳಬಾರದು ಎಂದು ಇಷ್ಟು ವರ್ಷ ಬದುಕಿದ ಮನುಷ್ಯ.

“ಗೊತ್ತಿಲ್ಲಮ್ಮ” ಎಂದರು. ಮೇಡಂ ಅನ್ನುವುದೂ ಮರೆತಿತ್ತು. “ನೀವೇ ಅಂತ ನಂಬಿದ್ದೆ. ಈಗ ನೋಡಿದ್ರೆ... ನಾನೇ ಹಾಕ್ತಿದ್ದೆ ಅನ್ಸುತ್ತೆ. ನನಗೇ ಗೊತ್ತಾಗದ ಹಾಗೆ.”

ಆಕೆ ಅಳಲಿಲ್ಲ. ಬಹಳ ಹೊತ್ತು ಪಟದ ಮೇಲಿನ ಚಿಹ್ನೆಗಳನ್ನು ನೋಡುತ್ತಾ ಕೂತರು.

“ಹಾಗಾದ್ರೆ ನಾನು ಯಾವತ್ತೂ ಕಲಿತೇ ಇರಲಿಲ್ಲ” ಎಂದರು ಕೊನೆಗೆ, ಯಾರ ಮೇಲೂ ದೂರಿಲ್ಲದ ದನಿಯಲ್ಲಿ. ಎದ್ದು ಹೋದರು.

ಸತ್ಯ ಹೇಳಿದರೆ ಆಕೆಯ ಎದೆ ಹಗುರಾಗಬಹುದು, ತಪ್ಪಿನಲ್ಲಿ ಒಂದು ಪಾಲು ತನ್ನ ಮೇಲೆ ಬಂದು ಆಕೆ ಸ್ವಲ್ಪ ಉಸಿರಾಡಬಹುದು ಎಂದು ಮೇಷ್ಟ್ರು ಅಂದುಕೊಂಡಿದ್ದರು. ಅಲ್ಲಿಯೂ ಒಳ್ಳೆಯದೇ ಆಗುತ್ತೆ ಎಂಬ ಅದೇ ಹಳೆಯ ನಂಬಿಕೆ. ಆದದ್ದು ಬೇರೆ. ಆಕೆ ಲೈಬ್ರರಿಯ ಕೆಲಸ ಬಿಟ್ಟರು, ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು ಎಂದು ಕೇಳಿಬಂತು. ನಾದಿನಿ ಮಾತ್ರ ಒಂದು ಮಧ್ಯಾಹ್ನ ಸ್ಕೂಲಿನ ಬಾಗಿಲಲ್ಲಿ ಬಂದು ನಿಂತಳು. ಕೂಗಾಡಲಿಲ್ಲ. “ಓಡಿಸೋಕೆ ಬರದೇ ಇದ್ದವರನ್ನ ಬರುತ್ತೆ ಬರುತ್ತೆ ಅಂತ ನಂಬಿಸಿ ರಸ್ತೆಗೆ ಬಿಟ್ರಲ್ಲ. ನಮ್ಮಮ್ಮ ನಿಮ್ಮನ್ನ ಎಷ್ಟು ಹೊಗಳ್ತಿದ್ರು ಗೊತ್ತಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು. ಟೈರು ಅಂಗಡಿಯ ಮುಂದೆ ನಿಂತಿದ್ದವರೆಲ್ಲ ಕೇಳಿಸಿಕೊಂಡರು.

ಒಂದು ವಾರದಲ್ಲಿ ಆ ಮಾತು ಎಲ್ಲ ಕಡೆ ಹರಡಿತು. ಯಾರಾದರೂ ನೇರವಾಗಿ ಕೇಳಿದರೆ ಮೇಷ್ಟ್ರು ಇಲ್ಲ ಅನ್ನುತ್ತಿರಲಿಲ್ಲ. ಹೆಂಡತಿ ತಲೆ ಚಚ್ಚಿಕೊಂಡರು. ಬಾಯಿ ಮುಚ್ಚಿಕೊಂಡು ಇದ್ದಿದ್ರೆ ಯಾರ ಗಂಟೇನು ಹೋಗ್ತಿತ್ತು, ಸತ್ತವರು ಎದ್ದು ಬಂದ್ರಾ, ಆ ಹೆಣ್ಣಿಗಾದ್ರೂ ನೆಮ್ಮದಿ ಸಿಕ್ಕಿತಾ ಎಂದು ಅತ್ತರು. ಸರಿ ಅನಿಸಿದ್ದನ್ನು ಮಾಡಿದ ಮೇಲೆ ಮನುಷ್ಯನಿಗೆ ಒಂದಿಷ್ಟಾದರೂ ಸಮಾಧಾನ ಇರುತ್ತೆ ಎಂದು ಮೇಷ್ಟ್ರು ಕೇಳಿದ್ದರು. ಹುಡುಕಿದರು, ಸಿಗಲಿಲ್ಲ.

ಬರುವವರು ಕಡಿಮೆಯಾದರು. ಬಂದವರಿಗೂ ಇವರ ಪಾಠ ಹಿಡಿಸಲಿಲ್ಲ, ಏಕೆಂದರೆ ಮೇಷ್ಟ್ರು ಮಾತನ್ನೇ ನಿಲ್ಲಿಸಿದ್ದರು. ಕಲಿಯುವವರು ತಪ್ಪು ಮಾಡಿ ಅಭ್ಯಾಸಬಲದಿಂದ ಇವರ ಮುಖ ನೋಡುತ್ತಿದ್ದರು, ಇವರು ಕಿಟಕಿಯಾಚೆ ನೋಡುತ್ತಿದ್ದರು. ಔಷಧಿ ಅಂಗಡಿಯವನು ಉಳಿದ ಪಾಠಗಳನ್ನು ಎದುರಿನ ಸ್ಕೂಲಿಗೆ ವರ್ಗ ಮಾಡಿಕೊಂಡ. ಕೊನೆಗೆ ಒಂದು ದಿನ, ಕಲಿಯಲು ಬಂದ ಒಬ್ಬ ನರ್ಸು ಇನ್ನೂ ಕಾರು ಶುರು ಮಾಡುವ ಮೊದಲೇ, “ನನಗೆ ಬರುತ್ತಾ ಸರ್?” ಎಂದು ಕೇಳಿದಳು. ಮೇಷ್ಟ್ರು ಬೆಲ್ಟ್ ಬಿಚ್ಚಿ ಇಳಿದು, ಆಕೆಗೆ ಫೀಸು ವಾಪಸು ಕೊಟ್ಟು, ಶಟರು ಎಳೆದರು. ಅದನ್ನು ಮತ್ತೆ ಎತ್ತಲಿಲ್ಲ. ಆ ಕೋಣೆಯನ್ನು ಈಗ ಟೈರು ಅಂಗಡಿಯವನು ಹಳೆ ಟೈರು ತುಂಬಲು ಇಟ್ಟುಕೊಂಡಿದ್ದಾನೆ.

ಮೇಷ್ಟ್ರಿಗೆ ಒಂದು ಬೇಕರಿಯ ವ್ಯಾನು ಓಡಿಸುವ ಕೆಲಸ ಸಿಕ್ಕಿತು. ಬ್ರೆಡ್ಡಿನ ಟ್ರೇಗಳನ್ನು ಅಂಗಡಿಗಳಿಗೆ ಹಾಕಿ ಬರುವುದು. ಪಕ್ಕದ ಸೀಟಿನಲ್ಲಿ ಯಾರೂ ಇಲ್ಲದ್ದು ಅವರಿಗೆ ಹಿಡಿಸಿತು ಎನ್ನಬಹುದೇನೋ. ಹೆಂಡತಿ ಬಟ್ಟೆ ಅಂಗಡಿಯೊಂದರಲ್ಲಿ ಕೌಂಟರಿಗೆ ಸೇರಿದರು. ಮನೆಯಲ್ಲಿ ಜಗಳವಿರಲಿಲ್ಲ. ಜಗಳಕ್ಕೆ ಬೇಕಾದಷ್ಟು ಮಾತೂ ಇರಲಿಲ್ಲ.

ಮಗಳು ಕಾಲೇಜು ಸೇರಿದ ಮೇಲೆ ಒಂದು ಭಾನುವಾರ ಅಪ್ಪನ ಹತ್ತಿರ ಬಂದು, ತನಗೂ ಕಾರು ಕಲಿಸಲು ಕೇಳಿದಳು. ಚಿಕ್ಕವಳಿದ್ದಾಗ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಿಂತ ಕಾರಿನ ಸ್ಟೇರಿಂಗು ತಿರುಗಿಸಲು ಬಿಡುತ್ತಿದ್ದ ಅಪ್ಪ ಅದು. ಮೇಷ್ಟ್ರು ಅವಳನ್ನೇ ನೋಡಿದರು. ಎದುರಿನ ಸ್ಕೂಲಿಗೆ ಸೇರಿಕೋ, ಫೀಸು ಕೊಡ್ತೀನಿ ಎಂದು ಹೇಳಿ ಎದ್ದುಹೋದರು.

ಅವಳು ಅಲ್ಲಿಗೇ ಸೇರಿದಳು. ಕೆಲವು ದಿನಗಳ ಮೇಲೆ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತಾ ಹೆಂಡತಿ ಹೇಳಿದರು:

“ಅಲ್ಲಿನ ಮೇಷ್ಟ್ರು ಬಹಳ ಬೈತಾರಂತೆ. ನಿನ್ನ ಕೈಲಾಗಲ್ಲ, ನಿನಗೆ ಜನ್ಮದಲ್ಲಿ ಬರಲ್ಲ ಅಂತಾರಂತೆ. ನಿನ್ನೆ ಅಳ್ತಾ ಬಂದಿತ್ತು ಮಗು.”

ಮೇಷ್ಟ್ರು ಬೆಳಿಗ್ಗೆಯ ಪಾಳಿಗೆ ಶೂ ಒರೆಸುತ್ತಿದ್ದರು. ಕೈ ನಿಲ್ಲಲಿಲ್ಲ.

“ಬೈಯಲಿ ಬಿಡು” ಎಂದರು.