ಕಲಾವತಿಯ ಹೆಸರು ಅಚ್ಚಾದದ್ದು

ಕಲಾವತಿಗೆ ಬೇಕಾಗಿದ್ದದ್ದು ಒಂದೇ. ಯಾವುದಾದರೂ ವಿಜ್ಞಾನ ಪತ್ರಿಕೆಯಲ್ಲಿ, ಒಂದು ಲೇಖನದ ಕೆಳಗೆ, ತನ್ನ ಹೆಸರು ಅಚ್ಚಾಗಬೇಕು. ಹಾಗೆ ಅಚ್ಚಾದರೆ ತಾತ್ಕಾಲಿಕ ಸಹಾಯಕಿಯ ಕೆಲಸ ಹೋಗಿ ಪಿಎಚ್.ಡಿ. ಸೀಟು ಸಿಗುತ್ತಿತ್ತು. ಆಗದಿದ್ದರೆ ಮಾರ್ಚ್ ತಿಂಗಳಿಗೆ ಮನೆಯ ದಾರಿ. ಅಡ್ಯಾರಿನ ಆ ಸಂಶೋಧನಾ ಕೇಂದ್ರದಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಅವಳ ಮೇಲಧಿಕಾರಿ ಡಾಕ್ಟರ್ ವಿಷ್ಣುತೀರ್ಥರಿಗಂತೂ ಚೆನ್ನಾಗಿಯೇ ಗೊತ್ತಿತ್ತು.

ತಮಿಳರ ನಡುವೆ, ತಿರುವಲ್ಲಿಕೇಣಿಯಲ್ಲಿ, ಮೂರು ತಲೆಮಾರಿನಿಂದ ಇದ್ದ ಕನ್ನಡ ಮಾಧ್ವರ ಮನೆ ಅವಳದು. ಪ್ಯಾರೀಸ್ ಕಾರ್ನರಿನ ಹಡಗು ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅಪ್ಪ, ಅವಳು ಎಂ.ಎಸ್ಸಿ. ಓದುವಾಗಲೇ ತೀರಿಕೊಂಡಿದ್ದ. ಉಳಿದವಳು ತಾಯಿ ಲಕ್ಷ್ಮೀಬಾಯಿ. ಆಕೆಗೆ ಇಂಗ್ಲಿಷ್ ಬಾರದು, ಬಸ್ಸಿನ ಬೋರ್ಡಿನ ಹೆಸರು ಕೂಡಿಸಿ ಓದುವಷ್ಟು ಅದರ ಅಕ್ಷರ ಮಾತ್ರ ಬರುತ್ತಿತ್ತು. ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು, "ಏನೇ, ಹೆಸರು ಬಂತಾ?"

ಕೆಲಸವೇನೆಂದರೆ, ಕೋಟಿಗಟ್ಟಲೆ ಜ್ಯೋತಿರ್ವರ್ಷಗಳಾಚೆ ಒಂದು ಗ್ಯಾಲಕ್ಸಿ. ಅದರ ನಡುವಿನ ಕಪ್ಪುಕುಳಿ ಆಗಾಗ ಕೆರಳಿ ಬೆಂಕಿ ಕಾರುತ್ತದೆ. ಅಂಥದನ್ನು ಒಂದೇ ಬಗೆಯ ಕಣ್ಣಿನಿಂದ ನೋಡಿದರೆ ಅರ್ಧ ಸುಳ್ಳೇ ಕಾಣುವುದು. ರೇಡಿಯೋ ಅಲೆ ಹಿಡಿಯುವವರು ಒಂದು ದೇಶದಲ್ಲಿ, ಎಕ್ಸ್ ಕಿರಣ ಹಿಡಿಯುವ ಉಪಗ್ರಹ ಆಕಾಶದಲ್ಲಿ, ಬರಿಯ ಬೆಳಕು ಹಿಡಿಯುವ ದೂರದರ್ಶಕ ನಮ್ಮದೇ ಒಂದು ಬೆಟ್ಟದ ಮೇಲೆ. ಎಲ್ಲರೂ ಒಟ್ಟಿಗೆ ಅದನ್ನೇ ನೋಡಿ ಕಳಿಸಿದ ಅಂಕಿಗಳನ್ನು ಒಂದೇ ಗಡಿಯಾರಕ್ಕೆ ತಂದು ಕೂಡಿಸುವುದು ಕಲಾವತಿಯ ಪಾಲು. ಯಾವ ಬೆಳಕು ಮೊದಲು ಏರಿತು, ಯಾವುದು ಹಿಂದೆ ಬಂತು ಎನ್ನುವುದರಲ್ಲೇ ಇಡೀ ಗುಟ್ಟು. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಬಸ್ಸಿನಲ್ಲಿ ಕೂತಾಗಲೂ ಆ ಏರಿಳಿತದ ಗೆರೆ ಕಣ್ಣೆದುರು ಬಂದು ಸುಮ್ಮನೆ ಖುಷಿಯಾಗುತ್ತಿತ್ತು.

ಆ ತಿಂಗಳು ಗ್ಯಾಲಕ್ಸಿ ನಡುರಾತ್ರಿ ಕಳೆದ ಮೇಲೇ ಕಾಣಿಸುತ್ತಿತ್ತು. ಬೆಟ್ಟದವರು ರಾತ್ರಿಯಿಡೀ ನೋಡಿದ್ದಕ್ಕೆಲ್ಲ ಹಿಂದಿನ ಸಂಜೆಯ ತಾರೀಖನ್ನೇ ಹಾಕುವುದು ವಾಡಿಕೆ. ಹನ್ನೆರಡು ದಾಟಿದ ಅಂಕಿಗಳಿಗೆ ಇಲ್ಲಿ ಒಂದು ದಿನ ಸೇರಿಸಿಕೊಳ್ಳಬೇಕು. ಕಲಾವತಿಗೆ ಸಣ್ಣ ಅನುಮಾನ ಬಂದು, ದಿನ ಸೇರಿಸಬೇಕೋ ಅವರು ಕಳಿಸಿದ ತಾರೀಖನ್ನೇ ಹಾಕಬೇಕೋ ಎಂದು ವಿಷ್ಣುತೀರ್ಥರ ಕೋಣೆಗೆ ಹೋಗಿ ಕೇಳಿದಳು.

ಅವರು ತಲೆ ಎತ್ತಲಿಲ್ಲ. "ಸೂರ್ಯ ಹುಟ್ಟೋ ತನಕ ಹಿಂದಿನ ದಿನವೇ ಅಲ್ಲವೇನಮ್ಮ? ನಿಮ್ಮನೇಲಿ ಪಂಚಾಂಗ ಇಲ್ವಾ? ಚುಮ್ಮಾ, ಸುಮ್ನೆ ಹಾಗೇ ಹಾಕು."

ಬೇರೆ ಯಾರಾದರೂ ಆಗಿದ್ದರೆ ನಕ್ಕು, ಇನ್ನೊಬ್ಬರನ್ನು ಕೇಳುತ್ತಿದ್ದರು. ಇವಳಿಗೆ ಅದು ವಿಚಿತ್ರ ಅನಿಸಲೇ ಇಲ್ಲ. ಏಕಾದಶಿ ಉಪವಾಸ ಮಾಡುವ ಮನೆಯಲ್ಲಿ ಬೆಳಗಾಗದೆ ದ್ವಾದಶಿ ಬಂದದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹಾಗೇ ಹಾಕಿದಳು.

ಗೆರೆಗಳನ್ನು ಒಂದರ ಕೆಳಗೊಂದು ಜೋಡಿಸಿದಾಗ ಎಕ್ಸ್ ಕಿರಣಕ್ಕಿಂತ ಒಂದು ದಿನ ಮೊದಲೇ ಬೆಳಕು ಏರಿದಂತೆ ಕಂಡಿತು. ಹೀಗೆ ಆಗಬಹುದೆಂದು ಯಾರೂ ಎಣಿಸಿರಲಿಲ್ಲ. ವಿಷ್ಣುತೀರ್ಥರು ಹಿಗ್ಗಿ ಹೀರೇಕಾಯಿಯಾದರು. ಕಾರಿಡಾರಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದರು, ಕಾಫಿ ಕೊಡಿಸಿದರು. ಲೇಖನ ಹೊರಟಾಗ ಮಾತ್ರ ಅದರಲ್ಲಿ ಕಲಾವತಿ ಇರಲಿಲ್ಲ. ಕೇಳಿದ್ದಕ್ಕೆ ನಗುತ್ತಲೇ ಹೇಳಿದರು. "ಮುಂದಿನದರಲ್ಲಿ ಖಂಡಿತ ಹಾಕೋಣ. ನಾಳೆ ಮದುವೆಯಾದ್ರೆ ಇನಿಷಿಯಲ್ ಬದಲಾಗುತ್ತೆ, ಆಮೇಲೆ ಅದೊಂದು ಕಷ್ಟ."

ಅವಳು ಅಂದು ಬಾತ್ರೂಮಿನ ನಲ್ಲಿ ಬಿಟ್ಟುಕೊಂಡು ಅತ್ತಳು. ತಾಯಿಗೆ "ಬರುತ್ತಮ್ಮ, ಮುಂದಿನ ಸಲ ಹಾಕ್ತೀನಿ ಅಂದಿದ್ದಾರೆ" ಎಂದಳು.

ಲೇಖನ ಅಚ್ಚಾಗಿ ಸ್ವಲ್ಪ ಕಾಲಕ್ಕೆ ಜರ್ಮನಿಯ ವಿಜ್ಞಾನಿಗಳು ಬರೆದರು. ಅದೇ ಗ್ಯಾಲಕ್ಸಿಯನ್ನು ತಾವೂ ನೋಡಿದ್ದೇವೆ, ಬೆಳಕು, ಎಕ್ಸ್ ಕಿರಣ ಎರಡೂ ಒಟ್ಟಿಗೇ ಏರಿವೆ, ನಿಮ್ಮ ತಾರೀಖುಗಳನ್ನು ನೋಡಿಕೊಳ್ಳಿ ಎಂದು. ಗುರುವಾರದ ಸಭೆಯಲ್ಲಿ, ಎಲ್ಲರೆದುರು, ವಿಷ್ಣುತೀರ್ಥರು ಕಲಾವತಿಯನ್ನು ಎಬ್ಬಿಸಿ ನಿಲ್ಲಿಸಿದರು.

"ಈ ಹುಡುಗಿ ಮನೇಲಿ ಸೂರ್ಯ ಹುಟ್ಟದೆ ದಿನ ಹುಟ್ಟಲ್ವಂತೆ" ಎಂದು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಎಲ್ಲರಿಗೂ ರುಚಿ ಹತ್ತಲೆಂದು ತಮಿಳಿನಲ್ಲಿ ಹೇಳಿದರು. ಸಭೆ ಬಿದ್ದು ಬಿದ್ದು ನಕ್ಕಿತು.

"ನೀವೇ ಹೇಳಿದ್ರಿ ಸರ್" ಎಂದಳು ಕಲಾವತಿ. ಬಾಯಿಗೆ ಬಂದದ್ದು ಕನ್ನಡ. ಆ ಸಭೆಯಲ್ಲಿ ಅವಳನ್ನು ಬಿಟ್ಟರೆ ಕನ್ನಡ ಬಲ್ಲವರು ವಿಷ್ಣುತೀರ್ಥರೊಬ್ಬರೇ.

ಅವರು ಅವಳ ಕಡೆ ಬಾಗಿ, ಮನೆಯ ಮಗುವಿಗೆ ಹೇಳುವಷ್ಟೇ ಮೆತ್ತಗೆ ಹೇಳಿದರು. "ನಿನ್ನ ಮಾತು ಯಾರು ನಂಬ್ತಾರಮ್ಮ? ಕೂತ್ಕೋ."

ಅವಳು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಹೇಳಬೇಕಿತ್ತು. ಕೂತುಬಿಟ್ಟಳು. ತಾನೂ ನೋಡಿಕೊಳ್ಳಬಹುದಿತ್ತಲ್ಲ ಎಂಬ ಚುಚ್ಚು ಬೇರೆ. ಮಾರ್ಚ್‌ವರೆಗೂ ಕಾಯದೆ ಆ ತಿಂಗಳೇ ಕೆಲಸ ಹೋಯಿತು. ತಾಯಿಗೆ ರಜೆ ಎಂದು ಸುಳ್ಳು ಹೇಳಿ, ಬೆಳಗಾದರೆ ಕೆಲಸ ಹುಡುಕಿಕೊಂಡು ಶೋಳಿಂಗನಲ್ಲೂರಿನ ಕಂಪನಿಗಳ ಗೇಟುಗಳಿಗೆ ಅಲೆಯತೊಡಗಿದಳು.

ಒಂದು ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ರಂಗೋಲಿ, ಒಳಗೆ ಪಾಯಸದ ವಾಸನೆ. ಪಕ್ಕದ ಮನೆಯ ಪ್ರೇಮಮ್ಮ ಲೋಟ ಹಿಡಿದು ಕೂತಿದ್ದರು. ರಾಯರ ಪಟದ ಮುಂದೆ ಪತ್ರಿಕೆಯ ಒಂದು ಹಾಳೆ, ಅದರ ಮೇಲೆ ಕುಂಕುಮ. ವಿಷ್ಣುತೀರ್ಥರು ಕಚೇರಿಯ ಜವಾನನ ಕೈಯಲ್ಲಿ ಕಳಿಸಿದ್ದರು.

ಕಲಾವತಿ ನಿಂತಲ್ಲೇ ಓದಿದಳು. ಅದು ತಿದ್ದುಪಡಿ. ಹಿಂದಿನ ಲೇಖನದ ಫಲಿತಾಂಶವನ್ನು ಹಿಂದಕ್ಕೆ ಪಡೆಯಲಾಗಿದೆ, ತಾರೀಖಿನ ತಪ್ಪು ಸಹಾಯಕಿ ಎಚ್. ಕಲಾವತಿ ಅವರದು. ಇನಿಷಿಯಲ್ ಸಮೇತ, ಒಂದಕ್ಷರವೂ ತಪ್ಪದೆ ಅಚ್ಚಾಗಿತ್ತು.

"ನೋಡ್ದ್ಯಾ ಪ್ರೇಮಾ, ನನ್ನ ಮಗಳ ಹೆಸರು" ಎಂದಳು ಲಕ್ಷ್ಮೀಬಾಯಿ. ಸಂತೋಷಕ್ಕೆ ಕಣ್ಣಲ್ಲಿ ನೀರು. ಮಗಳ ಕಡೆ ತಿರುಗಿದಳು. "ಆ ಪುಣ್ಯಾತ್ಮ ಆಡಿದ ಮಾತು ಉಳಿಸ್ಕೊಂಡ್ರು ಕಣೇ. ನೀನು ಬರೋ ತನಕ ತಡ್ಕೊಳ್ಳಕ್ಕಾಗದೆ ನಾನೇ ಫೋನ್ ಮಾಡಿ ಥ್ಯಾಂಕ್ಸ್ ಹೇಳ್ಬಿಟ್ಟೆ."

"ಏನಂದ್ರು?" ಎಂದಳು ಕಲಾವತಿ.

"ಎಷ್ಟು ದೊಡ್ಡ ಮನಸ್ಸು ಅವರದು! 'ನನ್ನದೇನಿದೆ ತಾಯಿ, ಅದರಲ್ಲಿರೋದೆಲ್ಲ ನಿಮ್ಮ ಕಲಾವತಿ ಮಾಡಿದ್ದೇ' ಅಂದ್ರು."